ಮಹಾಮಾಯಾ ಕಾಯ್ದ ಮಾತು

ಬೀದರಿನ ತರಬೇತಿ ಸಭಾಂಗಣದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ, ಮಹಾಮಾಯಾ ಟೀಚರು ಬಲು ಮೃದು ಸ್ವಭಾವದವರು ಎಂದರು. ಸುಳ್ಳು. ಹಲಬರ್ಗಾದ ಆ ಹೆಣ್ಣುಮಗಳ ನಾಲಿಗೆಗೆ ಹೆದರದ ಸಾಹೇಬ ಜಿಲ್ಲೆಯಲ್ಲಿ ಇರಲಿಲ್ಲ.

ಔರಾದ ತಾಲೂಕಿನ ಗಡಿಯ ಕನ್ನಡ ಶಾಲೆಯೊಂದರಲ್ಲಿ ಅವಳು ಒಂದನೇ ತರಗತಿಗೆ ಕಲಿಸುತ್ತಿದ್ದಳು. ಮಕ್ಕಳ ಮನೆಮಾತು ಮರಾಠಿ. ಕುರಿ ಕಾಯುವ ಧೊಂಡಿಬಾನ ಮಗಳು ಸೋನಾಲಿ ಮುಂಗಾರಿನಲ್ಲಿ ಶಾಲೆ ಸೇರಿದವಳು, ದೀಪಾವಳಿ ಹತ್ತಿರ ಬಂದರೂ ಕನ್ನಡದ ಒಂದು ಮಾತೂ ಆಡಿರಲಿಲ್ಲ. ಮಹಾಮಾಯಾ ಒತ್ತಾಯಿಸಲಿಲ್ಲ. ಹೊಸ ಭಾಷೆ ಮೊದಲು ಕಿವಿಗೆ ಇಳಿಯಬೇಕು, ನಾಲಿಗೆಗೆ ಬರುವುದು ಆಮೇಲೆ ಎಂದು ಅವಳು ಓದಿದ್ದಳು. ಓದಿದ್ದನ್ನು ನಂಬುವ ಕೆಟ್ಟ ಚಟವೂ ಅವಳಿಗಿತ್ತು.

ಬೀದರಿನಿಂದ ಓಂಪ್ರಕಾಶ ಪಾಠ ನೋಡಲು ಬಂದ. ಶಿಕ್ಷಕರಿಗೆ ತರಬೇತಿ ಕೊಡುವವನು. ಭಾಷಾ ಕಲಿಕೆಯ ಸಂಶೋಧನೆಗಳನ್ನು ಪರದೆಯ ಮೇಲೆ ಮೂಡಿಸಿ ಗಟ್ಟಿಯಾಗಿ ಓದಿ ಹೇಳುವುದೇ ಅವನ ತರಬೇತಿ. ಇಂಥವರು ಬರುವ ದಿನ, ಮೊದಲೇ ಬಾಯಿಪಾಠ ಮಾಡಿಸಿಟ್ಟ ಪಾಠವನ್ನು ಹೊಸದೆಂಬಂತೆ ಮತ್ತೆ ಕಲಿಸುವುದು ಶಾಲೆಗಳ ರೂಢಿ. ಮಕ್ಕಳು ಒಕ್ಕೊರಲಿನಿಂದ ಕೂಗುತ್ತವೆ. ಸಾಹೇಬರು ಮಾದರಿ ಪಾಠ ಎಂದು ಬರೆದುಕೊಂಡು ಚಹಾ ಕುಡಿಯುತ್ತಾರೆ. ಮಹಾಮಾಯಾ ಅಂಥ ನಾಟಕ ಆಡಿಸಲಿಲ್ಲ. "ಕೆಂಪು ಹೂವು ತಗೊಂಡು ಬಾಗಲ ಬಲ್ಲಿ ಇಡು," ಎಂದಳು. ಸೋನಾಲಿ ಹಳದಿ ಹೂವುಗಳ ನಡುವಿಂದ ಕೆಂಪನ್ನೇ ಆರಿಸಿ ಬಾಗಿಲ ಬಳಿ ಇಟ್ಟುಬಂದಳು.

"ಹುಡುಗಿ ಮಾತಾಡವಲ್ದು. ಬುದ್ಧಿ ಮಂದ ಅದ ಏನ್ರಿ?" ಎಂದ ಓಂಪ್ರಕಾಶ.

"ಮಕ್ಕಳು ಮೊದಲ ಬರೇ ಕೇಳ್ತಾವ ಅಂತ ಬೀದರದಾಗ ನೀವೇ ಓದಿ ಹೇಳಿದ್ರಲ್ಲರಿ ಸರ?"

"ಅದು ತರಬೇತಿ, ಟೀಚರ್. ಇದು ಸಾಲಿ."

"ಹಂಗಾದ್ರ ತರಬೇತಿ ಯಾರಿಗಿ ಕೊಡ್ತೀರಿ, ಗ್ವಾಡಿಗೇನು?"

ಓಂಪ್ರಕಾಶ ವರದಿಯಲ್ಲಿ ಸೋನಾಲಿಯನ್ನು ಮಂದಮತಿ ಎಂದು ಬರೆದ. ಅದು ಸಾಲದೆಂಬಂತೆ ಧೊಂಡಿಬಾನನ್ನು ಕರೆಸಿ ಹೇಳಿಯೂ ಹೋದ. ಮಾರನೆಯ ದಿನ ಧೊಂಡಿಬಾ ಮಗಳನ್ನು ಶಾಲೆ ಬಿಡಿಸಲು ಬಂದ. ಸಂತೆಗೆ ಓಡಾಡಿ ಅವನಿಗೆ ಕನ್ನಡ ಬರುತ್ತಿತ್ತು.

"ಕಲಿಯಂಗಿಲ್ಲಂದ್ರ ಕುರಿ ಹಿಂದರ ಹೋಗ್ಲಿ, ಟೀಚರ್. ಸಾಹೇಬರು ಕಲತವರು, ಸುಳ್ಳ ಯಾಕ ಹೇಳ್ತಾರರಿ?"

"ಅವ್ರು ಕಲತದ್ದು ನಾ ನೋಡೀನಿ. ನೀವು ಒಂದು ತಾಸು ಇಲ್ಲೇ ಕೂಡ್ರಿ."

ಅವನು ಹಿಂದಿನ ಗೋಡೆಗೆ ಒರಗಿ ಕುಳಿತ. ಮಹಾಮಾಯಾ ಕನ್ನಡದಲ್ಲಿ, ಛತ್ರಿ ಕದ್ದ ಕೋತಿಯೊಂದರ ಕತೆ ಹೇಳಿದಳು. ಕೋತಿ ಛತ್ರಿಯನ್ನು ತಲೆಕೆಳಗೆ ಹಿಡಿದು ಮಳೆಯಲ್ಲಿ ನಿಂತಿತು ಎಂದಾಗ, ಎಲ್ಲರಿಗಿಂತ ಮೊದಲು ನಕ್ಕವಳು ಸೋನಾಲಿ. ಧೊಂಡಿಬಾ ಕತೆ ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದ.

"ತಿಳೀತದಲ್ಲ ಇಕಿಗಿ," ಎಂದ, ಏಳುತ್ತ. "ಇರ್ಲಿ ಬಿಡ್ರಿ ಸಾಲ್ಯಾಗ."

ಸಂಕ್ರಾಂತಿ ಕಳೆದ ಮೇಲೆ ಮಹಾಮಾಯಾಗೆ ಕಾಮಾಲೆಯಾಯಿತು. ಭಾಲ್ಕಿಯ ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಅವಳ ಜಾಗಕ್ಕೆ ಬಂದ ಹೊಸ ಟೀಚರು ಮೊದಲ ದಿನ ಅವಳ ಕುರ್ಚಿ ಎಳೆದುಕೊಂಡರು. ಸೋನಾಲಿ ಎದ್ದು ನಿಂತಳು.

"ಅಲ್ಲಿ ಕೂಡಬ್ಯಾಡ್ರಿ. ನಮ್ಮ ಟೀಚರ್ ಬರ್ತಾರ," ಎಂದಳು, ಕನ್ನಡದಲ್ಲಿ.

ಮಂದಮತಿ ಮಗು ಮಾತಾಡಿದ್ದು ತನ್ನ ತರಬೇತಿಯ ಫಲ ಎಂದು ಓಂಪ್ರಕಾಶ ಶ್ರದ್ಧಾಂಜಲಿ ಭಾಷಣದಲ್ಲಿ ಹೇಳಿದ. ಸಭೆ ಚಪ್ಪಾಳೆ ತಟ್ಟಿತು.