ಜರಾ ಆರಾಮಿಲ್ಲ

ನಮ್ಮ ಕಡೆ ಯಾರೂ ಸಾಯುವುದಿಲ್ಲ. ಅವರಿಗೆ ಜರಾ ಆರಾಮಿರುವುದಿಲ್ಲ, ಅಷ್ಟೇ. "ಮುತ್ಯಾಗ ಜರಾ ಆರಾಮಿಲ್ಲ, ಲಗೂ ಬರ್ರಿ" ಎಂದು ಫೋನ್ ಬರುತ್ತದೆ. ನಾವು ಬಸ್ ಹಿಡಿದು ಊರು ಮುಟ್ಟುವಷ್ಟರಲ್ಲಿ ಅಜ್ಜನಿಗೆ ಸ್ನಾನ ಮಾಡಿಸಿ, ಹೂವಿನ ಮಾಲೆ ಹಾಕಿ, ಅಂಗಳದಲ್ಲಿ ಕೂಡಿಸಿರುತ್ತಾರೆ. ದಾರಿಯುದ್ದಕ್ಕೂ ನಮಗೂ ಗೊತ್ತಿರುತ್ತದೆ, ಫೋನ್ ಮಾಡಿದವರಿಗೂ ಗೊತ್ತಿರುತ್ತದೆ. ಆದರೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಅಂಜಿಕೆ. ಹುಮನಾಬಾದಿನ ನನ್ನ ತವರಿನಲ್ಲಿ ನಾನೂ ಇದನ್ನೇ ಕಲಿತು ಬೆಳೆದವಳು.

ನನ್ನ ಅತ್ತೆಗೆ ಮಾತ್ರ ಈ ವಿದ್ಯೆ ಬರಲೇ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಡಿದ ಜೋಳದ ರೊಟ್ಟಿಯನ್ನು ಎತ್ತಿ ನೋಡಿ, ಬೀಗರು ಕುಳಿತಿದ್ದಾರೆ ಎಂಬುದನ್ನೂ ನೋಡದೆ, ಇದನ್ನು ಎತ್ತಿಗೆ ಹಾಕಿದರೆ ಎತ್ತು ಮುನಿಸಿಕೊಳ್ಳುತ್ತದೆ ಎಂದುಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಹುಟ್ಟಿದಾಗ ಇವರ ನಾಲಿಗೆಗೆ ಜೇನು ನೆಕ್ಕಿಸುವುದನ್ನು ಯಾರೋ ಮರೆತಿದ್ದಾರೆ ಎಂದು ಗಂಡನ ಮುಂದೆ ಎಷ್ಟೋ ದಿನ ಗೊಣಗಿದ್ದೇನೆ. ಅವರು ನಕ್ಕು ಸುಮ್ಮನಾಗುತ್ತಿದ್ದರು. ತಾಯಿಯ ಬಾಯಿಗೆ ಅವರೂ ಹೆದರುತ್ತಿದ್ದರು, ಅದು ಬೇರೆ ಮಾತು.

ಬಸವಕಲ್ಯಾಣದಲ್ಲಿ ನನ್ನ ಗಂಡನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮಾವ ಮುಡಬಿಯಿಂದ ಕಲ್ಯಾಣಕ್ಕೆ ಟಂಟಂ ಆಟೋ ಓಡಿಸುತ್ತಿದ್ದರು. ಬಾಯಿಯಿಂದಲೇ ಗಾಡಿ ಓಡಿಸುವ ಮನುಷ್ಯ. ದಾರಿಯಲ್ಲಿ ಹತ್ತಿದವರನ್ನೆಲ್ಲ ನಗಿಸಿಯೇ ಇಳಿಸುತ್ತಿದ್ದರು. ಮನೆಯ ಕಿರಿಯವನು ನನ್ನ ಮೈದುನ. ಅವನಿಗೆ ಸೈನ್ಯ ಸೇರುವ ಹುಚ್ಚು. ಎರಡು ವರ್ಷ ಬೆಳಗಿನ ಜಾವ ಅವನು ರಸ್ತೆಯ ಮೇಲೆ ಓಡುತ್ತಿದ್ದರೆ ಹಿಂದೆ ಮಾವನ ಟಂಟಂ ಹೆಡ್‌ಲೈಟ್ ಹಾಕಿಕೊಂಡು ಬರುತ್ತಿತ್ತು. ಮಗ ನಿಧಾನ ಮಾಡಿದರೆ ಹಾರ್ನ್. ಆಯ್ಕೆಯಾದ ದಿನ ಮಾವ ಸಂಜೆಯವರೆಗೆ ಯಾರಿಂದಲೂ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಹುಡುಗ ಎಲ್ಲೋ ದೂರದ ತರಬೇತಿ ಕೇಂದ್ರಕ್ಕೆ ಹೋಗಿ ಅರ್ಧ ತರಬೇತಿ ಮುಗಿಸುವಷ್ಟರಲ್ಲಿ ಮಾವನಿಗೆ ಊಟ ಇಳಿಯದಾಯಿತು. ಹೊಟ್ಟೆಯಲ್ಲಿ ಗಂಟು, ಅದು ಹರಡಿಬಿಟ್ಟಿತ್ತು. ಹುಮನಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರರು ನನ್ನ ಗಂಡನನ್ನು ಹೊರಗೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಿ ಸೇವೆ ಮಾಡಿರಿ ಎಂದರು. ನಮ್ಮ ಕಡೆ ಡಾಕ್ಟರು 'ಸೇವೆ ಮಾಡಿರಿ' ಎಂದರೆ ಮುಂದೆ ಕೇಳುವುದೇನೂ ಉಳಿಯುವುದಿಲ್ಲ. ಮಾವ ಇನ್ನೂ ಮಾತಾಡುತ್ತಿದ್ದರು, ಗುರುತು ಹಿಡಿಯುತ್ತಿದ್ದರು. ಅದು ಎಷ್ಟು ದಿನವೋ ಯಾರಿಗೂ ಗೊತ್ತಿರಲಿಲ್ಲ. ಅಷ್ಟರೊಳಗೆ ಮಗ ಬಂದು ಮುಖ ನೋಡಬೇಕಿತ್ತು.

ತರಬೇತಿಯ ಹುಡುಗರ ಹತ್ತಿರ ಫೋನ್ ಇರುವುದಿಲ್ಲ, ಭಾನುವಾರ ಒಂದಿಷ್ಟು ಹೊತ್ತು ಮಾತ್ರ ಕೈಗೆ ಕೊಡುತ್ತಾರೆ. ಉಳಿದ ದಿನ ಏನಾದರೂ ಆದರೆ ಎಂದು ಅವನು ತನ್ನ ಕಂಪನಿಯ ಸುಬೇದಾರರ ನಂಬರ್ ಕೊಟ್ಟಿದ್ದ. ಗಂಡ ಆಸ್ಪತ್ರೆಯ ವರಾಂಡದಲ್ಲಿ ನಿಂತು ಆ ನಂಬರಿಗೆ ಫೋನ್ ಹಚ್ಚಿದರು. ಸುಬೇದಾರರದು ಉತ್ತರದ ಕಡೆಯ ಹಿಂದಿ, ದೊಡ್ಡ ದನಿ. ಸ್ಪೀಕರಿಗೆ ಹಾಕದಿದ್ದರೂ ನನಗೆ ಕೇಳಿಸುತ್ತಿತ್ತು. ನನ್ನ ಗಂಡ ಏನೆಂದರು ಹೇಳಿ? ತಂದೆಯವರಿಗೆ ಜರಾ ಆರಾಮಿಲ್ಲ ಎಂದರು!

ಜರಾ ಆರಾಮಿಲ್ಲದಿದ್ದರೆ ಔಷಧಿ ಕೊಡಿಸಿ ಎಂದರು ಸುಬೇದಾರರು. ಪಾಪ, ಅವರದೇನು ತಪ್ಪು? ಹುಡುಗರಿಗೆ ಈಗ ಫೈರಿಂಗ್ ನಡೆದಿದೆ, ಕೊಟ್ಟ ರಜೆಗಿಂತ ಹೆಚ್ಚು ದಿನ ಹೊರಗೆ ಉಳಿದರೆ ಅವನನ್ನು ಹಿಂದೆ ಬರುವ ಬ್ಯಾಚಿಗೆ ಇಳಿಸುತ್ತಾರೆ, ಜೊತೆಯವರೆಲ್ಲ ಮುಂದೆ ಹೋಗಿ ಇವನೊಬ್ಬ ಉಳಿಯುತ್ತಾನೆ, ಯೋಚನೆ ಮಾಡಿ ಹೇಳಿ ಎಂದರು. ಡಾಕ್ಟರ ಚೀಟಿ ಕಳಿಸಿದೆವು. ಅದರಲ್ಲೂ ಚಿಕಿತ್ಸೆಯಲ್ಲಿದ್ದಾರೆ ಎಂದಷ್ಟೇ ಇತ್ತು. ಡಾಕ್ಟರೂ ನಮ್ಮ ಕಡೆಯವರೇ ಅಲ್ಲವೇ.

ಆಗ ಮಾವನ ತಮ್ಮ, ನಮ್ಮ ಕಾಕಾ, ನಿನಗೆ ಮಾತಾಡಲು ಬರುವುದಿಲ್ಲ ಎಂದು ನನ್ನ ಗಂಡನ ಕೈಯಿಂದ ಫೋನ್ ಕಸಿದುಕೊಂಡರು. ಮೊದಲು ಸುಬೇದಾರರ ಆರೋಗ್ಯ ವಿಚಾರಿಸಿದರು. ಆಮೇಲೆ ಅಲ್ಲಿಯ ಚಳಿ ವಿಚಾರಿಸಿದರು. ಆಮೇಲೆ, ಅಣ್ಣ ಸ್ವಲ್ಪ ಸೊರಗಿದ್ದಾನೆ, ಮಗನನ್ನು ನೆನೆಸುತ್ತಿದ್ದಾನೆ ಎಂದರು. ಎಲ್ಲ ತಂದೆಯರೂ ನೆನೆಸುತ್ತಾರೆ, ನನ್ನ ಹುಡುಗರಿಗೆ ರಜೆ ಬೇಕಾದಾಗಲೆಲ್ಲ ಒಬ್ಬೊಬ್ಬ ಅಜ್ಜಿ ಸಾಯುತ್ತಾಳೆ, ನೀವು ಸ್ಪಷ್ಟ ಹೇಳಿ, ಜೀವಕ್ಕೆ ಅಪಾಯವಿದೆಯೋ ಇಲ್ಲವೋ ಎಂದು ಆ ಮನುಷ್ಯ ನೇರವಾಗಿಯೇ ಕೇಳಿದರು. ಕಾಕಾ ಗಲ್ಲ ಬಡಿದುಕೊಂಡು, ದೇವರು ದೊಡ್ಡವನು ಸಾಹೇಬರೇ, ಏನೂ ಆಗುವುದಿಲ್ಲ ಎಂದುಬಿಟ್ಟರು. ನನಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಫೋನ್ ಇಟ್ಟ ಮೇಲೆ ಕಾಕಾಗೆ ಇನ್ನೊಂದು ಉಪಾಯ ಹೊಳೆಯಿತು. ಎಲ್ಲ ಆಗಿಹೋಯಿತು ಎಂದುಬಿಡೋಣ, ಆಗ ತಕ್ಷಣ ಬಿಡುತ್ತಾರೆ ಎಂದರು. ಸತ್ತ ಎಂಬ ಶಬ್ದವನ್ನು ಸುಳ್ಳಿಗೂ ಆಡಲಾರದ ಮನುಷ್ಯ ಸಾವಿನ ಸುಳ್ಳು ಹೇಳಲು ಹೊರಟಿದ್ದರು. ನನ್ನ ಗಂಡನೂ ಅರ್ಧ ಮನಸ್ಸು ಮಾಡಿದ್ದರು. ನಾನು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹೆದರಿದ್ದೆ.

ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು ಮಾವನ ಒದ್ದೆ ಟವೆಲು ಹಿಂಡುತ್ತಿದ್ದರು. ಎದ್ದು ಕೈ ಒರೆಸಿಕೊಂಡು ನನ್ನ ಮುಂದೆ ಕೈ ಚಾಚಿದರು.

"ಹಚ್ಚಿ ಕೊಡವಾ. ಕಮ್ಮೀನೂ ಬ್ಯಾಡ, ಜಾಸ್ತೀನೂ ಬ್ಯಾಡ. ಇದ್ದದ್ದು ಹೇಳೂಣು."

ನಾನು ಹಚ್ಚಿ ಕೊಟ್ಟೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಹಿಂದಿ ಪಕ್ಕದ ಮುಸ್ಲಿಮರ ಮನೆಯ ಖಾಲಾ ಜೊತೆ ಕಟ್ಟೆಯ ಮೇಲೆ ಕುಳಿತು ಕಲಿತದ್ದು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಹತ್ತಿರ ನೆಟ್ಟಗೆ ನಿಂತು, "ಸಾಬ್, ಮೈ ಉಸ್ಕಿ ಮಾ. ಮೇರೆ ಘರ್‌ವಾಲೇ ಬಚ್ತೆ ನೈ" ಎಂದರು. ನಾನು ಅವನ ತಾಯಿ, ನನ್ನ ಗಂಡ ಉಳಿಯುವುದಿಲ್ಲ ಎಂದು. ಹಣೆಯ ಮೇಲೆ ಕುಂಕುಮ, ಕೈತುಂಬ ಬಳೆ, ದನಿಯಲ್ಲಿ ಒಂದಿಷ್ಟೂ ನಡುಕವಿಲ್ಲ. ಇವತ್ತು ಮಾತಾಡುತ್ತಾರೆ, ಬರುವ ವಾರದ ಖಾತ್ರಿ ನನಗಿಲ್ಲ ಎಂದರು. ಮಗ ಹೆಣ ನೋಡಲು ಬರುವುದು ಬೇಡ, ಅಪ್ಪನನ್ನು ನೋಡಲು ಬರಲಿ, ನೀವು ಹೇಳಿದ ದಿನ ನಾನೇ ತಿರುಗಿ ಕಳಿಸುತ್ತೇನೆ, ಇದು ತಾಯಿಯ ಮಾತು ಎಂದರು.

ಆ ಕಡೆಯ ದೊಡ್ಡ ದನಿ ಇಳಿಯಿತು. ಸುಬೇದಾರರು ಮೆತ್ತಗೆ, ಮಾತಾಜಿ, ಇದು ನಿಜವೇ ಎಂದು ಇಲ್ಲಿಯ ಪೊಲೀಸ್ ಠಾಣೆಯಿಂದ ನಿಮ್ಮ ಠಾಣೆಗೆ ಒಂದು ಮಾತು ಕೇಳಿಸುತ್ತಾರೆ, ಅದೊಂದು ಆದರೆ ಸಂಜೆಯ ಗಾಡಿಗೆ ನಾನೇ ಹತ್ತಿಸುತ್ತೇನೆ ಎಂದರು. ನನ್ನ ಗಂಡ ಠಾಣೆಗೆ ಓಡಿದರು.

ಕಾಕಾ ಮಾತ್ರ ಅತ್ತೆಯ ಮೇಲೆ ಸಿಟ್ಟಾಗಿದ್ದರು. ವೈನಿ, ಕುಂಕುಮ ಇಟ್ಟುಕೊಂಡವರ ಬಾಯಿಂದ ಇಂಥ ಮಾತು ಬರಬಹುದೇ ಎಂದು ವರಾಂಡದಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಅಂದರು. ಅಷ್ಟರಲ್ಲಿ ಕಿಟಕಿಯ ಒಳಗಿನಿಂದ ಮಾವ ಕೆಮ್ಮಿದರು. ಆ ಕಿಟಕಿ ಅವರ ಮಂಚದ ತಲೆಯ ಮೇಲೇ ಇದೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ನಾನೂ ಅತ್ತೆಯೂ ಒಳಗೆ ಹೋದೆವು. ಮಾವ ಅತ್ತೆಯನ್ನು ಹತ್ತಿರ ಕೂಡಿಸಿಕೊಂಡರು.

"ಎಲ್ಲಾ ಕೇಳಿಸ್ತು. ಛೋಲೋ ಆತು ಬಿಡು. ಇಷ್ಟು ದಿನ ಈ ಮಾತು ಹೊಟ್ಯಾಗ ಇಟ್ಕೊಂಡು ನಾ ಒಬ್ಬಾಂವೇ ಮಲಗಿದ್ದೆ."

ಅತ್ತೆ ಅವರ ಕೈ ಹಿಡಿದುಕೊಂಡು ಅತ್ತರು. ಫೋನಿನಲ್ಲಿ ನಡುಗದ ದನಿ ಅಲ್ಲಿ ಒಡೆಯಿತು. ನಾನು ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ಇಷ್ಟು ವರ್ಷ ಯಾವ ನಾಲಿಗೆಗೆ ಶಾಪ ಹಾಕಿದ್ದೆನೋ ಆ ನಾಲಿಗೆಗೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಮಾವನನ್ನು ಕಲ್ಯಾಣಕ್ಕೆ ನಮ್ಮ ಮನೆಗೆ ಕರೆತಂದೆವು. ಹುಡುಗ ಹೈವೇ ಮೇಲಿನ ಬಂಗ್ಲಾ ಕ್ರಾಸಿನಲ್ಲಿ ಇಳಿದು ಆಟೋ ಮಾಡಿಕೊಂಡು ಬಂದ. ತಲೆ ಬೋಳು, ಕೆನ್ನೆ ಒಳಗೆ ಹೋಗಿವೆ, ಆದರೆ ನಿಂತ ನಿಲುವೇ ಬೇರೆ. ಬಾಗಿಲಲ್ಲೇ ಕಾಕಾ ಅವನ ಬೆನ್ನು ಸವರಿ, ಅಪ್ಪನಿಗೆ ಜರಾ ಆರಾಮಿಲ್ಲ ಅಷ್ಟೇ ಎನ್ನಬೇಕೇ! ಅತ್ತೆ ಅವರನ್ನು ಬದಿಗೆ ಸರಿಸಿ ಮಗನ ಎದುರು ನಿಂತರು.

"ಅಪ್ಪ ಹೋಗಾಕತ್ತಾರ. ಅವರಿಗೂ ಗೊತ್ತದ. ಒಳಗ ಹೋಗು. ಅಳೂದಿದ್ರ ಅವರ ಮುಂದೇ ಅಳು, ಬಚ್ಚಲದಾಗ ನಿಂತು ಅಳಬ್ಯಾಡ."

ಅವನು ಹಾಗೆಯೇ ಮಾಡಿದ. ಅಪ್ಪ ಮಗ ಇಬ್ಬರೂ ಮನಸ್ಸು ತುಂಬ ಅತ್ತರು. ಆಮೇಲೆ ಆ ಕೋಣೆಯಲ್ಲಿ ಎಂಥ ಮಾತುಗಳು ನಡೆದವು ಅಂತೀರಿ! ನನ್ನ ತವರಿನಲ್ಲಿ ಸಾಯುವವರ ಹತ್ತಿರ ಕುಳಿತು ನಾವು ಮಳೆಯ ಬಗ್ಗೆ ಮಾತಾಡುತ್ತೇವೆ, ಗುಣವಾದ ಮೇಲೆ ಎಲ್ಲೆಲ್ಲಿಗೆ ಹೋಗೋಣ ಎಂದು ಸುಳ್ಳು ಪಟ್ಟಿ ಹೇಳುತ್ತೇವೆ. ಇಲ್ಲಿ ಮಾವ ಟಂಟಂ ಯಾರಿಗೆ ಮಾರಬೇಕು, ತನ್ನನ್ನು ಊರ ಹೊಲದಲ್ಲಿ ಎಲ್ಲಿ ಇಡಬೇಕು, ಅತ್ತೆ ಯಾರ ಹತ್ತಿರ ಇರಬೇಕು ಎಂದು ಮಕ್ಕಳಿಬ್ಬರಿಗೂ ಬಿಡಿಸಿ ಹೇಳಿದರು. ಕೊನೆಯದಕ್ಕೆ ಅತ್ತೆ, ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಸುಮ್ಮನೆ ಮಲಗಿರಿ ಎಂದರು. ಮಾವ ನಕ್ಕರು. ಹುಡುಗ ಅಪ್ಪನಿಗೆ ಗಡ್ಡ ತೆಗೆದ, ಸ್ನಾನ ಮಾಡಿಸಿದ, ರೈಫಲ್ ಹೇಗೆ ಹಿಡಿಯುತ್ತಾರೆಂದು ಕೋಲು ಹಿಡಿದು ತೋರಿಸಿದ. ಹಾರ್ನ್ ಇಲ್ಲದೆ ಓಡಲು ಬರುತ್ತದೇನೋ ಎಂದು ಮಾವ ಅವನನ್ನು ಕಾಡಿಸಿದರು.

ಕಷ್ಟ ಬಂದದ್ದು ರಜೆ ಮುಗಿದಾಗ. ಮಾವ ಇನ್ನೂ ಇದ್ದರು. ಇನ್ನಷ್ಟು ದಿನ ಕೇಳೋಣ ಎಂದರು ನನ್ನ ಗಂಡ. ತರಬೇತಿ ಹಾಳಾಗಿ ಹೋಗಲಿ ಎಂದರು ಕಾಕಾ. ಹುಡುಗ ಚೀಲ ಮುಟ್ಟಲೇ ಇಲ್ಲ, ನಾನು ಹೋಗುವುದಿಲ್ಲ ಎಂದು ಅಪ್ಪನ ಕಾಲ ಹತ್ತಿರ ಕುಳಿತುಬಿಟ್ಟ. ಅತ್ತೆ ಮಾತು ಕೊಟ್ಟವರು, ಆದರೂ ಅವತ್ತು ಅವರ ಬಾಯಿಂದ ಮಾತು ಹೊರಡಲಿಲ್ಲ. ಮಗನನ್ನು ಹೋಗು ಎನ್ನುವುದು ಅವರಿಗೂ ಆಗಲಿಲ್ಲ. ಅದನ್ನು ಮಾವ ಹೇಳಿದರು.

"ಹೋಗು. ಮಣ್ಣಿಗೆ ಬರಬ್ಯಾಡ. ಜೀವ ಇದ್ದಾಗ ಬಂದಿ, ನನಗ ಎಲ್ಲಾ ಮುಟ್ಟೇದ."

ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಸುಬೇದಾರರಿಗೆ ಬೇರೆ ಗಂಟು. ಹುಡುಗ ಅಪ್ಪನ ಕಾಲಿಗೆ ಹಣೆ ಹಚ್ಚಿ, ಹಿಂದಿರುಗಿ ನೋಡದೆ ಮೆಟ್ಟಿಲಿಳಿದ. ಅವತ್ತು ನನ್ನ ಎದೆ ಒಡೆದಷ್ಟು ಮತ್ತೆ ಯಾವತ್ತೂ ಒಡೆದಿಲ್ಲ, ಮಾವ ಹೋದ ದಿನವೂ.

ಮಾವ ಹೋದದ್ದು ಆ ವಾರದಲ್ಲೇ, ನಿದ್ದೆಯಲ್ಲಿ. ಅತ್ತೆ ಮೊದಲು ಸುಬೇದಾರರಿಗೇ ಫೋನ್ ಹಚ್ಚಿಸಿದರು. ಗಂಡ ತೀರಿಕೊಂಡರು ಎಂದರು. ಹುಡುಗನಿಗೆ ಆರಾಮಿಲ್ಲ ಗೀರಾಮಿಲ್ಲ ಎನ್ನಬೇಡಿ, ಎದುರು ಕೂಡಿಸಿಕೊಂಡು ಸತ್ತರು ಎಂದೇ ಹೇಳಿ, ಅವತ್ತೊಂದು ದಿನ ಅವನನ್ನು ಒಬ್ಬನೇ ಬಿಡಬೇಡಿ ಎಂದರು. ಸುಬೇದಾರರು ರಾತ್ರಿ ತಾವೇ ಫೋನ್ ಮಾಡಿ, ಹುಡುಗ ಅತ್ತ, ಉಂಡ, ನನ್ನ ಪಕ್ಕದ ಮಂಚದಲ್ಲೇ ಮಲಗಿದ್ದಾನೆ ಎಂದು ತಿಳಿಸಿದರು.

ಮಣ್ಣು ಆದದ್ದು ಮುಡಬಿಯ ಹತ್ತಿರದ ನಮ್ಮ ಊರಿನಲ್ಲಿ. ಮಾವನ ಟಂಟಂ ಹತ್ತಿದವರೆಲ್ಲ ಬಂದಿದ್ದರೇನೋ ಎನ್ನುವಷ್ಟು ಜನ. ಮಧ್ಯಾಹ್ನವಾದರೂ ಕಿರಿಯ ಮಗ ಕಾಣದೆ ಇದ್ದಾಗ ಗುಸುಗುಸು ಶುರುವಾಯಿತು. ಸೈನ್ಯಕ್ಕೆ ಕೊಟ್ಟರೆ ಹೀಗೇ, ಬೆನ್ನ ಹಿಂದೆ ಗಾಡಿ ಓಡಿಸಿ ಬೆಳೆಸಿದ ಅಪ್ಪನ ಮಣ್ಣಿಗೂ ಮಗ ಇಲ್ಲ ಎಂದು ಹಿರಿಯರೊಬ್ಬರು ಅತ್ತೆಯ ಎದುರೇ ಅಂದರು. ನಾನು ಉತ್ತರ ಕೊಡಲು ಬಾಯಿ ತೆರೆದಿದ್ದೆ, ಅತ್ತೆ ನನ್ನ ಕೈ ಹಿಡಿದು ತಡೆದರು. ಬಳೆ ಇಲ್ಲದ ಕೈ. ಮಾವನ ಮುಖದಿಂದ ಕಣ್ಣು ತೆಗೆಯದೆ ಅವರು ಹೇಳಿದರು:

"ನೀವೆಲ್ಲಾ ಇವತ್ತ ಬಂದೀರಿ. ನನ್ನ ಮಗ ಅವರು ಇದ್ದಾಗ ಬಂದು ಹೋಗ್ಯಾನ್ರಿ."