ನೊರೀನ್ ಒಪ್ಪಿಕೊಂಡ ಷರತ್ತುಗಳು

ನೊರೀನ್ ಹಿಂಡಲ್‌ಗೆ ಫೋನ್ ಇಡಲು ಬರುತ್ತಿರಲಿಲ್ಲ. ಎತ್ತಲು ಬರುತ್ತಿತ್ತು, ಮಾತಾಡಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಕಡೆಯವರು ಇನ್ನೂ ಮಾತಾಡುತ್ತಿರುವಾಗ ಇಟ್ಟುಬಿಡುವುದೆಂದರೆ ಅವಳ ಲೆಕ್ಕದಲ್ಲಿ ಮನೆಗೆ ಬಂದವರ ಮುಖಕ್ಕೆ ಬಾಗಿಲು ಬಡಿದ ಹಾಗೆ. ಇಂಗ್ಲೆಂಡಿನ ಬರ್ನ್ಲಿಯ ನಮ್ಮ ಬೀದಿಯಲ್ಲಿ ಕಿಟಕಿ ಮಾರುವವರ ಫೋನ್ ಬಂದರೆ ನಾವೆಲ್ಲ ಎರಡನೇ ಮಾತಿಗೇ ಬೇಡವೆಂದು ಕುಕ್ಕಿ, ಆಮೇಲೆ ಅರ್ಧ ಗಂಟೆ ಅವರನ್ನು ಬೈಯುತ್ತ ಅದಕ್ಕಿಂತ ಹೆಚ್ಚು ಹೊತ್ತು ಹಾಳುಮಾಡುತ್ತಿದ್ದೆವು. ನೊರೀನ್ ಹಾಗಲ್ಲ. ಅವರ ಊರು, ತಾಯಿ, ಹಲ್ಲುನೋವು ಎಲ್ಲವನ್ನೂ ವಿಚಾರಿಸುವಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಬಡಿಸಿದ ಕೈ ಅದು. ತಟ್ಟೆ ಹಿಡಿದು ನಿಂತವರನ್ನು ಹಾಗೇ ಕಳಿಸಿ ಅಭ್ಯಾಸವಿಲ್ಲ.

ಗಂಡ ಕ್ಲಿಫ್ ಬಸ್ ಓಡಿಸಿ ನಿವೃತ್ತನಾದವನು. "ಇವಳ ಕೈಗೆ ಸಿಕ್ಕ ಸೇಲ್ಸ್‌ನವನ ಕಥೆ ಮುಗೀತು. ಅವತ್ತು ಅವನು ಇನ್ನೊಂದು ಫೋನ್ ಮಾಡಕ್ಕಾಗಲ್ಲ" ಎಂದು ಅವನು ಎಲ್ಲರ ಮುಂದೆಯೂ ಹೇಳುತ್ತಿದ್ದ.

ಹೀಗೆ ಒಂದು ಜೂನ್ ತಿಂಗಳಲ್ಲಿ ಡೀನ್ ಎಂಬವನು ಸಿಕ್ಕಿದ. ಹೆಸರಿನಲ್ಲಿ ಸೂರ್ಯೋದಯವನ್ನಿಟ್ಟುಕೊಂಡ ಒಂದು ಕಂಪನಿಯವನು. ಹಿಂದೆ ಬ್ಯಾಂಕುಗಳು ಸಾಲದ ಜೊತೆಗೆ ಬೇಡದ ವಿಮೆಯನ್ನೂ ಅಂಟಿಸಿ ಕೊಟ್ಟಿದ್ದವಲ್ಲ, ಆ ದುಡ್ಡನ್ನು ವಾಪಸು ಕೊಡಿಸುವುದು ಅವರ ಕಸುಬು. ಹಿಂಡಲ್ ದಂಪತಿ ಅಡುಗೆಮನೆ ಮಾಡಿಸಲು ಮಾಡಿದ್ದ ಹಳೆಯ ಸಾಲಕ್ಕೂ ಅಂಥದೊಂದು ವಿಮೆ ಅಂಟಿತ್ತು. ಡೀನ್ ಒಂದು ಕಾಗದ ಕಳಿಸಿದ, ನೊರೀನ್ ಸಹಿ ಹಾಕಿದಳು, ಕಂಪನಿ ಬ್ಯಾಂಕಿಗೆ ಒಂದು ಪತ್ರ ಬರೆಯಿತು. ಅಕ್ಟೋಬರಿನಲ್ಲಿ ಬ್ಯಾಂಕಿನಿಂದ ಎರಡು ಸಾವಿರದ ಎಂಟುನೂರ ಅರವತ್ತು ಪೌಂಡ್ ಬಂತು. ಅರ್ಧದಲ್ಲಿ ಹೊಸ ಬಾಯ್ಲರ್ ಹಾಕಿಸಿದರು. ಉಳಿದರ್ಧವನ್ನು ಲಾಂಡಡ್ನೊಗೆ ಎತ್ತಿಟ್ಟರು. ಸಮುದ್ರದ ದಂಡೆಯ ಆ ಊರಲ್ಲಿ ನೊರೀನ್‌ಳ ಅಕ್ಕ ಇದ್ದಳು. ಐದು ವರ್ಷದಿಂದ ನೋಡಿರಲಿಲ್ಲ. ಒಂದು ವಾರ ಇದ್ದು, ಜಗಳವಾಡಿ, ರಾಜಿಯಾಗಿ ಬರುವುದೆಂದು ತೀರ್ಮಾನವಾಗಿತ್ತು.

ನವೆಂಬರಿನಲ್ಲಿ ಕಂಪನಿಯ ಬಿಲ್ಲು ಬಂತು. ನೂರಕ್ಕೆ ಮೂವತ್ತೊಂಬತ್ತು, ಅದರ ಮೇಲೆ ತೆರಿಗೆ: ಒಟ್ಟು ಸಾವಿರದ ಮುನ್ನೂರ ಮೂವತ್ತೆಂಟು ಪೌಂಡ್, ನಲವತ್ತೆಂಟು ಪೆನ್ಸ್. ಹದಿನಾಲ್ಕು ದಿನದಲ್ಲಿ ಕಟ್ಟದಿದ್ದರೆ ವಸೂಲಿಯವರು ಬರುತ್ತಾರೆ.

ಕ್ಲಿಫ್ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಹಿಂಬದಿಯಲ್ಲಾದರೂ ಒಳ್ಳೆಯ ಸುದ್ದಿ ಇರಬಹುದೇನೋ ಎಂಬಂತೆ. ನೊರೀನ್ ಕಂಪನಿಗೆ ಫೋನ್ ಮಾಡಿದಳು. ಈ ಸಲ ಎತ್ತಿದವಳಿಗೆ ತಾಯಿಯ ಬಗ್ಗೆ ಮಾತಾಡಲು ಪುರುಸೊತ್ತಿರಲಿಲ್ಲ. ಸಹಿ ಹಾಕಿದ ಕಾಗದದಲ್ಲಿ 'ದರ ಫೋನಿನಲ್ಲಿ ವಿವರಿಸಿದಂತೆ' ಎಂದಿದೆ, ಫೋನಿನಲ್ಲಿ ಪೂರ್ತಿ ಓದಿ ಹೇಳಿದ್ದೇವೆ, ನೀವು ಹೂಂ ಅಂದಿದ್ದೀರಿ, ಎಲ್ಲ ರೆಕಾರ್ಡ್ ಆಗಿದೆ ಎಂದಳು.

"ಅಂದಿರ್ತೀನಿ," ಎಂದಳು ನೊರೀನ್, ಫೋನ್ ಇಟ್ಟ ಮೇಲೆ. "ನಾನು ಯಾರಿಗೆ ತಾನೇ ಊಹೂಂ ಅಂದಿದೀನಿ?"

"ನನಗೆ," ಎಂದ ಕ್ಲಿಫ್.

ಲಾಂಡಡ್ನೊ ಬೇಡವೆಂದು ಅಕ್ಕನಿಗೆ ಪತ್ರ ಬರೆಯಲು ಅವಳು ಕೂತದ್ದೂ ಆಯಿತು. ಆದರೆ ಅಂಚೆಚೀಟಿ ತರಲು ಹೋದವಳು ದಾರಿಯಲ್ಲಿ ಗ್ರಂಥಾಲಯದ ಉಚಿತ ಸಲಹೆಯ ಮೇಜನ್ನು ಕಂಡಳು. ಅಲ್ಲಿ ಗುರುವಾರಕ್ಕೊಮ್ಮೆ ಆಸ್ಪಿನಾಲ್ ಎಂಬ ನಿವೃತ್ತ ತೆರಿಗೆ ಗುಮಾಸ್ತರು ಕೂರುತ್ತಿದ್ದರು. ನಲವತ್ತು ವರ್ಷ ಜನರಿಂದ ದುಡ್ಡು ಕಸಿದ ಪಾಪವನ್ನು ಈಗ ತೊಳೆದುಕೊಳ್ಳುತ್ತಿದ್ದೇನೆ ಎಂದು ತಾವೇ ಹೇಳಿಕೊಳ್ಳುವ ಮನುಷ್ಯ. ಅವರು ಬಿಲ್ಲನ್ನು ಎರಡು ಸಲ ಓದಿ ಕನ್ನಡಕ ಕಳಚಿದರು.

"ರೆಕಾರ್ಡ್ ಇದೆ ಅಂದ್ರಾ? ಹಾಗಾದ್ರೆ ತರಿಸಿ ಕೇಳೋಣ. ಕೇಳೋ ಹಕ್ಕು ನಿಮಗಿದೆ, ಮಿಸೆಸ್ ಹಿಂಡಲ್."

"ಅದರಲ್ಲಿ ನಾನು ಹೂಂ ಅಂದಿದ್ರೆ?"

"ಅಂದಿದ್ರೆ ಕಟ್ಟಿ. ಕೇಳದೇ ಕಟ್ಟಬೇಡಿ. ಬಿಲ್ಲಿಗೆ ತಕರಾರಿದೆ ಅಂತ ಬರೆದು ಹಾಕೋಣ, ಅಲ್ಲೀವರೆಗೆ ವಸೂಲಿಯವರು ಬರಲ್ಲ."

ಒಂದು ತಿಂಗಳ ಮೇಲೆ ಲಕೋಟೆಯಲ್ಲಿ ಸಿ.ಡಿ. ಬಂತು. ಅದನ್ನು ಕಳಿಸುವ ಮೊದಲು ಕಂಪನಿಯಲ್ಲಿ ಯಾರೂ ಕೇಳಿರಲಿಲ್ಲ ಎಂಬುದು ಆಮೇಲೆ ಎಲ್ಲರಿಗೂ ಖಾತ್ರಿಯಾಯಿತು. ಹಿಂಡಲ್ ಮನೆಯಲ್ಲಿ ಅದನ್ನು ಹಾಕಲು ಯಂತ್ರವಿರಲಿಲ್ಲ. ಹಿತ್ತಿಲ ಓಣಿಯಾಚೆಯ ಷಮೀಮ್‌ಳ ಮನೆಯಲ್ಲಿ ಕಂಪ್ಯೂಟರ್ ಇತ್ತು. ನೊರೀನ್, ಕ್ಲಿಫ್, ಆಸ್ಪಿನಾಲ್ ಮೂವರೂ ಅವಳ ಅಡುಗೆಮನೆಯಲ್ಲಿ ಕೂತರು. ಷಮೀಮ್ ಸಮೋಸ ಇಟ್ಟಳು. ನೊರೀನ್ ಮುಟ್ಟಲಿಲ್ಲ. ಹೂಂ ಎಂಬ ತನ್ನ ದನಿ ಯಾವ ಗಳಿಗೆಯಲ್ಲಿ ಬರುತ್ತದೋ ಎಂದು ಕಾಯುತ್ತಿದ್ದಳು.

ಮೊದಲ ಹನ್ನೊಂದು ನಿಮಿಷ ಡೀನ್‌ನ ಬೆನ್ನುನೋವಿಗೆ ಹೋಯಿತು. ಮುಂದಿನ ಐದು ನಿಮಿಷ ಹಣ್ಣಿನ ಕಡುಬಿಗೆ ಹಿಟ್ಟು ಎಷ್ಟು ಒಣಗಿರಬೇಕು ಎಂಬುದಕ್ಕೆ. ಆಸ್ಪಿನಾಲ್ ಆ ಭಾಗವನ್ನು ಗುಟ್ಟಾಗಿ ಬರೆದುಕೊಂಡರು. ಆಮೇಲೆ ಡೀನ್ ಗಂಟಲು ಸರಿಮಾಡಿಕೊಂಡು, ಈಗ ದರ ಮತ್ತು ಷರತ್ತುಗಳನ್ನು ಓದುತ್ತೇನೆ ಎಂದ.

ಅಷ್ಟರಲ್ಲಿ ರೆಕಾರ್ಡಿನೊಳಗೆ ದೂರದಿಂದ ಒಂದು ಹೆಂಗಸಿನ ದನಿ ಕೇಳಿತು: "ಹನಿ ಬಿತ್ತು, ಬಟ್ಟೆ ತೆಗೀರಿ!"

"ಅದು ನಾನು," ಎಂದಳು ಷಮೀಮ್ ಸಮೋಸದ ತಟ್ಟೆ ಹಿಡಿದುಕೊಂಡೇ.

ನಮ್ಮ ಓಣಿಯ ಕಟ್ಟಳೆ ಎಲ್ಲರಿಗೂ ಗೊತ್ತು. ಹಗ್ಗಗಳು ಓಣಿಗೆ ಅಡ್ಡಡ್ಡ ಇರುತ್ತವೆ. ಮೊದಲ ಹನಿ ಕಂಡವರು ಕೂಗಬೇಕು, ಮನೆಯಲ್ಲಿದ್ದವರು ಇಲ್ಲದವರ ಬಟ್ಟೆಯನ್ನೂ ತೆಗೆಯಬೇಕು. ಆಗ ಮಂತ್ರಿಯೇ ಫೋನಿನಲ್ಲಿದ್ದರೂ ಕಾಯಬೇಕು. "ಒಂದ್ನಿಮ್ಷ ಚಿನ್ನ," ಎಂದಳು ರೆಕಾರ್ಡಿನ ನೊರೀನ್. ಫೋನ್ ಮೇಜಿನ ಮೇಲೆ ಕೂತ ಸದ್ದು. ಬಾಗಿಲ ಸದ್ದು. ಡೀನ್ ಕಾಗದದಿಂದ ತಲೆ ಎತ್ತಲೇ ಇಲ್ಲವೆಂದು ಕಾಣುತ್ತದೆ. ಷರತ್ತು ಒಂದು, ಷರತ್ತು ಎರಡು ಎಂದು ಖಾಲಿ ಅಡುಗೆಮನೆಗೆ ನಿಯತ್ತಾಗಿ ಓದುತ್ತ ಹೋದ.

ಮೂರನೇ ಷರತ್ತಿನ ಹೊತ್ತಿಗೆ ಹೆಜ್ಜೆ ಸದ್ದು. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಬಿಸ್ಕತ್ತು ಮುರಿದ ಸದ್ದು, ಎರಡು ಸಲ. ಎಲ್ಲರೂ ಕ್ಲಿಫ್‌ನ ಕಡೆ ತಿರುಗಿದರು. ವೈದ್ಯರು ಅವನಿಗೆ ಸಕ್ಕರೆ ಬಿಡಿಸಿ ಎರಡು ವರ್ಷವಾಗಿತ್ತು. ಕ್ಲಿಫ್ ಕಿಟಕಿಯಾಚೆ ನೋಡತೊಡಗಿದ. ರೆಕಾರ್ಡಿನ ಕ್ಲಿಫ್ ಮಾತ್ರ ಬಾಯಿ ತುಂಬಿಕೊಂಡೇ, "ಇನ್ನೂ ಬಡ್ಕೋತಾನೇ ಇದಾನಲ್ಲಪ್ಪ ಇವನು," ಎಂದ. ಅಲ್ಲಿಂದ ಅಡುಗೆಮನೆಯ ಸದ್ದೆಲ್ಲ ಪಾತಾಳದಿಂದ ಬಂದಂತೆ ಗುಂಯ್‌ಗುಟ್ಟತೊಡಗಿತು, ಡೀನ್ ಮಾತ್ರ ಸ್ಪಷ್ಟವಾಗಿ ಓದುತ್ತಲೇ ಇದ್ದ. ಚಹಾದ ಕೆಟಲಿಗೆ ಹೊದಿಸುವ ಉಣ್ಣೆಯ ಟೋಪಿಯನ್ನು ತೆಗೆದು ಫೋನಿಗೆ ತೊಡಿಸಿದ್ದೆ ಎಂದು ಕ್ಲಿಫ್ ಕೊನೆಗೆ ಒಪ್ಪಿಕೊಂಡ. ನೂರಕ್ಕೆ ಮೂವತ್ತೊಂಬತ್ತು ಎಂಬ ಮಾತು ಆ ಟೋಪಿಯೊಳಗೆ, ಯಾರಿಗೂ ಅಲ್ಲದೆ, ಹೇಳಿ ಮುಗಿದಿತ್ತು.

ಆರು ನಿಮಿಷದ ಮೇಲೆ ನೊರೀನ್ ಏದುಸಿರು ಬಿಡುತ್ತ ವಾಪಸು ಬಂದು, ಏಳು ಮನೆಯ ಬಟ್ಟೆ ತೆಗೆದು ಬಂದೆ ಎಂದು ಕ್ಷಮೆ ಕೇಳಿದಳು. ಎಲ್ಲಕ್ಕೂ ಒಪ್ಪಿಗೆ ತಾನೇ ಎಂದು ಡೀನ್ ಕೇಳಿದ. ಹೂಂ ಚಿನ್ನ ಎಂದಳು.

ಆಸ್ಪಿನಾಲ್ ಕಣ್ಣೊರೆಸಿಕೊಂಡು ಅಲ್ಲೇ ದೂರು ಬರೆದರು. ಇಂಥ ಕಂಪನಿಗಳ ಮೇಲಿನ ದೂರನ್ನು ಪುಕ್ಕಟೆ ವಿಚಾರಿಸುವ ಕಚೇರಿಗೆ ಸಿ.ಡಿ. ಸಮೇತ ಕಳಿಸಿದರು. ಹತ್ತು ವಾರದ ಮೇಲೆ ತೀರ್ಪು ಬಂತು. ಗ್ರಾಹಕರು ಕೋಣೆಯಲ್ಲಿಲ್ಲದಾಗ ಓದಿದ ದರವನ್ನು ಅವರಿಗೆ ತಿಳಿಸಿದಂತಾಗಲಿಲ್ಲ, ಕಂಪನಿ ಬಿಲ್ಲನ್ನು ರದ್ದು ಮಾಡಬೇಕು ಎಂದಿತ್ತು. ತನಿಖೆ ಮಾಡಿದ ಹೆಂಗಸು ಕೊನೆಯಲ್ಲಿ, ರೆಕಾರ್ಡನ್ನು ತಾನು ಪೂರ್ತಿ ಎರಡು ಸಲ ಕೇಳಿದೆನೆಂದೂ ಸೇರಿಸಿದ್ದಳು. ಎರಡನೇ ಸಲ ಯಾಕೆಂದು ಬರೆದಿರಲಿಲ್ಲ.

ನೊರೀನ್ ಅಕ್ಕನಿಗೆ ಬರುತ್ತೇವೆಂದು ಫೋನ್ ಮಾಡಿದಳು. ಆದರೆ ಎರಡು ದಿನ ಒಂಥರಾ ಇದ್ದಳು. ಮೂರನೇ ದಿನ ಗ್ರಂಥಾಲಯಕ್ಕೆ ಹೋಗಿ ಆಸ್ಪಿನಾಲ್‌ರ ಮುಂದೆ ಕೂತಳು.

"ಅವರು ಒಂದು ಪತ್ರನಾದ್ರೂ ಬರೆದ್ರಲ್ಲ. ಅದಕ್ಕೆ ಏನೂ ಕೊಡದೇ ಇರೋದು ಸರೀನಾ?"

"ಮಿಸೆಸ್ ಹಿಂಡಲ್," ಎಂದರು ಆಸ್ಪಿನಾಲ್ ಸಂಕಟದಿಂದ, "ನೀವು ಗೆದ್ದಿದ್ದೀರಿ. ದಯವಿಟ್ಟು ಮನೆಗೆ ಹೋಗಿ."

ಅವಳು ಮನೆಗೆ ಹೋಗಿ ತಾನೇ ಲೆಕ್ಕ ಹಾಕಿದಳು. ಒಂದು ಪತ್ರ, ಲಕೋಟೆ, ಅಂಚೆಚೀಟಿ, ಬರೆದವರ ಒಂದು ಗಂಟೆಯ ಕೂಲಿ. ಹನ್ನೊಂದು ಪೌಂಡಿನ ಚೆಕ್ ಬರೆದು, ಡೀನ್‌ನ ಬೆನ್ನು ಹೇಗಿದೆ ಎಂದು ಕೇಳುವ ಚೀಟಿಯನ್ನೂ ಇಟ್ಟು ಕಳಿಸಿದಳು. ಬೀದಿಯವರೆಲ್ಲ ತಲೆ ಚಚ್ಚಿಕೊಂಡರು. ಸಿ.ಡಿ. ಕಳಿಸಲು ತಿಂಗಳು ತೆಗೆದುಕೊಂಡ ಕಂಪನಿ ಆ ಚೆಕ್ಕನ್ನು ಮೂರೇ ದಿನದಲ್ಲಿ ನಗದು ಮಾಡಿಕೊಂಡಿತು. ಚೀಟಿಗೆ ಉತ್ತರ ಬರಲಿಲ್ಲ.

"ನೋಡಿದ್ಯಾ," ಎಂದಳು ನೊರೀನ್, ಲಾಂಡಡ್ನೊಗೆ ಪೆಟ್ಟಿಗೆ ತುಂಬುತ್ತ. "ತಗೊಂಡ್ರು. ಅಂದ್ರೆ ಅವರಿಗೆ ಬೇಜಾರಿಲ್ಲ."