ನಾಲ್ಕು ಅಂಕಗಳ ಸೂಟು

ಟೇಪಣ್ಣನ ನಿಜವಾದ ಹೆಸರು ಅವನ ಹೆಂಡತಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ. ದರ್ಜಿಯಾಗಿ ಮೂವತ್ತು ವರ್ಷ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಾಡಿದ ಮನುಷ್ಯ. ಮದುವೆಮನೆಗೆ ಹೋದಾಗಲೂ ಅದನ್ನು ತೆಗೆದಿಡುವುದು ಮರೆಯುತ್ತಿದ್ದ. ಯಾರು ಎದುರಿಗೆ ಬಂದರೂ ಅವನ ಕಣ್ಣು ಮೊದಲು ಭುಜಕ್ಕೆ, ಆಮೇಲೆ ಸೊಂಟಕ್ಕೆ, ವ್ಯವಧಾನ ಉಳಿದರೆ ಮುಖಕ್ಕೆ ಹೋಗುತ್ತಿತ್ತು. "ಆ ಮೂವತ್ತೆಂಟು ಸೊಂಟದವರು ಬಂದಿದ್ರು ಕಣೇ, ಪ್ಯಾಂಟು ಕೇಳಿದ್ರು" ಎಂದರೆ ಹೆಂಡತಿಗೆ ಯಾರೆಂದು ಗೊತ್ತಾಗಿಬಿಡುತ್ತಿತ್ತು.

ಅವನಿಗೆ ಎರಡು ಸಂಸಾರ. ಒಂದು ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿತ್ತು. ಇನ್ನೊಂದು ಗಿರಣಿ ಕ್ಲಬ್ ಎಂಬ ಫುಟ್‌ಬಾಲ್ ತಂಡ. ಅದಕ್ಕೆ ಅವನು ಹದಿನೆಂಟು ವರ್ಷದಿಂದ ಖಜಾಂಚಿ. ಸಂಬಳವಿಲ್ಲ, ಬೈಗುಳಕ್ಕೆ ಕೊರತೆಯಿಲ್ಲ. ಆಟಗಾರನಾಗಿ ಅವನ ಸಾಧನೆ ಒಂದೇ: ಯೌವನದಲ್ಲಿ ಒಮ್ಮೆ ಬದಲಿಯಾಗಿ ಮೈದಾನಕ್ಕಿಳಿದು, ಹನ್ನೊಂದು ನಿಮಿಷ ಓಡಿ, ಚೆಂಡನ್ನು ಮುಟ್ಟದೆಯೇ ಕಾಲು ಉಳುಕಿಸಿಕೊಂಡು ಬಂದಿದ್ದ. ಅಂದಿನಿಂದ ಅವನ ಆಟವೆಲ್ಲ ಲೆಕ್ಕದ ಪುಸ್ತಕದಲ್ಲಿ.

ಆದರೆ ಆ ಊರಿನ ಲೀಗ್ ನಡೆಯುತ್ತಿದ್ದದ್ದೇ ಅವನು ಬರೆದ ಒಂದು ನಿಯಮದ ಮೇಲೆ. ಎದುರಾಳಿ ಸೇತುವೆ ಕ್ಲಬ್ಬಿನ ಅಧ್ಯಕ್ಷರು ಇಟ್ಟಿಗೆ ಗೂಡಿನ ಮಾಲೀಕರು. ದುಡ್ಡು ಚೆಲ್ಲಿ ಆಟಗಾರರನ್ನು ಎಳೆದುಕೊಳ್ಳುತ್ತಿದ್ದರು. ಲೀಗಿನವರು ದಂಡ ಹಾಕಿದರೆ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಮುಂದಿನ ವರ್ಷದ್ದೂ ಈಗಲೇ ತಗೊಂಡ್ಬಿಡಿ, ಮತ್ತೆ ಬರೋ ತಾಪತ್ರಯ ಯಾಕೆ?" ಎನ್ನುತ್ತಿದ್ದರು. ಟೇಪಣ್ಣನಿಗೆ ಮೈಯೆಲ್ಲ ಉರಿಯಿತು. ಹಟ ಹಿಡಿದು ಹೊಸ ನಿಯಮ ತಂದ: ಆಟಗಾರರ ಮೇಲಿನ ಖರ್ಚು ಕ್ಲಬ್ಬಿನ ಟಿಕೆಟು ಮತ್ತು ಚಂದಾ ಹಣವನ್ನು ಮೀರಬಾರದು, ಯಾರಾದರೂ ಪುಕ್ಕಟೆ ಏನು ಕೊಟ್ಟರೂ ಪೇಟೆಯ ಬೆಲೆ ಹಿಡಿದು ಖರ್ಚಿಗೆ ಸೇರಿಸಬೇಕು, ಶೇಕಡಾ ಹತ್ತು ಮೀರಿದರೆ ಎರಡು ಅಂಕ ಕಡಿತ, ಇಪ್ಪತ್ತು ಮೀರಿದರೆ ನಾಲ್ಕು. ಮೊದಲ ವರ್ಷವೇ ಸೇತುವೆ ಕ್ಲಬ್ಬಿನ ನಾಲ್ಕು ಅಂಕ ಹಾರಿಹೋದವು. ಟೇಪಣ್ಣ ಒಂದು ವಾರ ಹೊಲಿಗೆ ಯಂತ್ರವನ್ನು ಹಾಡು ಗುನುಗುತ್ತಲೇ ತುಳಿದ.

ಈ ವರ್ಷ ಗಿರಣಿ ಕ್ಲಬ್ಬಿಗೆ ಸುಗ್ಗಿ. ಒಂದೇ ಪಂದ್ಯ ಬಾಕಿ, ಅದೂ ಸೇತುವೆ ಕ್ಲಬ್ಬಿನ ಮೇಲೆ. ಇವರದು ಮೂವತ್ತೊಂದು ಅಂಕ, ಅವರದು ಇಪ್ಪತ್ತೆಂಟು. ಗೋಲುಗಳ ಲೆಕ್ಕದಲ್ಲೂ ಇವರು ಎಷ್ಟೋ ಮುಂದಿದ್ದುದರಿಂದ ಸೋತರೂ ಕಪ್ ಇವರದೇ. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಕಪ್! ಅದನ್ನಿಡಲು ಟೇಪಣ್ಣ ಅಂಗಡಿಯ ಕಪಾಟಿನಲ್ಲಿ ಒಂದು ಅರೆ ಖಾಲಿ ಮಾಡಿಟ್ಟಿದ್ದ.

ಆ ಭಾನುವಾರ ಬೆಳಿಗ್ಗೆ ಗಡ್ಡ ಮಾಡಿಸಲು ಸಲೂನಿಗೆ ಹೋದ. ಸಲೂನಿನ ಯಜಮಾನನೇ ಸೇತುವೆ ಕ್ಲಬ್ಬಿನ ಕಾರ್ಯದರ್ಶಿ. ಮುಖಕ್ಕೆಲ್ಲ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಮೇಲಿಟ್ಟು, ಬಹಳ ಪ್ರೀತಿಯಿಂದ ಕೇಳಿದ:

"ಟೇಪಣ್ಣ, ನಿಮ್ಮ ಕಂಡಕ್ಟರ್ ಹುಡುಗ ಮದುವೆಗೆ ಹಾಕ್ಕೊಂಡಿದ್ನಲ್ಲ, ಮೂರು ತುಂಡಿನ ಸೂಟು, ಯಾರು ಹೊಲಿದದ್ದು?"

ಕಂಡಕ್ಟರ್ ಎಂದರೆ ಗಿರಣಿ ಕ್ಲಬ್ಬಿಗೆ ಈ ವರ್ಷ ಹದಿನಾಲ್ಕು ಗೋಲು ಹೊಡೆದುಕೊಟ್ಟ ಹೊಸ ಆಟಗಾರ.

"ನಾನೇ ಹೊಲಿದದ್ದು. ಹೆಂಗಿತ್ತು ಭುಜ?"

"ಭುಜ ಬೊಂಬಾಟ್. ಎಷ್ಟು ತಗೊಂಡ್ರಿ?"

ಟೇಪಣ್ಣ ಉಗುಳು ನುಂಗಲು ಹೋಗಿ, ಕತ್ತಿ ಇದೆಯೆಂದು ನೆನಪಾಗಿ ಸುಮ್ಮನಾದ.

"ಮತ್ತೆ ಹನ್ನೊಂದು ಜನರ ಜರ್ಸಿ, ಚಡ್ಡಿ, ಮಳೆ ಕೋಟು? ನೀವೇ ಬರೆದ ನಿಯಮ ಅಣ್ಣ, ಪುಕ್ಕಟೆ ಕೊಟ್ಟದ್ದಕ್ಕೂ ಪೇಟೆ ಬೆಲೆ ಅಂತ. ನಾನು ಯಾರಿಗೂ ಹೇಳಲ್ಲ. ಸುಮ್ನೆ ತಿಳ್ಕೊಳ್ಳೋಣ ಅಂತ ಕೇಳ್ದೆ. ಗಲ್ಲ ಸ್ವಲ್ಪ ಮೇಲೆತ್ತಿ."

ದೇವರಾಣೆಗೂ ಟೇಪಣ್ಣನ ತಲೆಗೆ ಇದು ಹೊಳೆದಿರಲಿಲ್ಲ. ತಂಡಕ್ಕೆ ಬಟ್ಟೆ ಹೊಲಿಯುವುದು ಅವನಿಗೆ ಉಸಿರಾಡಿದಷ್ಟು ಸಹಜ. ಉಸಿರಿಗೆ ಯಾರು ಬೆಲೆ ಕಟ್ಟುತ್ತಾರೆ? ಇಟ್ಟಿಗೆ ಗೂಡಿನವರ ದುಡ್ಡು ದುಡ್ಡಾಗಿ ಕಂಡಿತ್ತು. ತನ್ನ ಸೂಜಿ ಮಾತ್ರ ಕಂಡಿರಲಿಲ್ಲ.

ಒಂದು ಕೆನ್ನೆಯಲ್ಲಿ ನೊರೆ ಒರೆಸದೆಯೇ ಮನೆಗೆ ಓಡಿದ. ಕಾಜಾ, ಗುಂಡಿ, ಆರ್ಡರ್ ಪುಸ್ತಕ ಎಲ್ಲ ಹೆಂಡತಿಯ ಇಲಾಖೆ. ಆಕೆ ಬಿಟ್ಟಿ ಕೆಲಸವನ್ನೂ ಬಿಡದೆ ಬರೆದಿಟ್ಟಿದ್ದಳು, ಬೆಲೆಯ ಜಾಗದಲ್ಲಿ ಒಂದೊಂದು ದಪ್ಪ ಸೊನ್ನೆ ಹಾಕಿ. ಇಬ್ಬರೂ ಕೂತು ಸೊನ್ನೆಗಳ ಜಾಗಕ್ಕೆ ಬೆಲೆ ಹಾಕುತ್ತಾ ಹೋದರು.

"ಸೂಟಿಗೆ ಹಳೇ ದರ ಹಾಕು" ಎಂದ ಟೇಪಣ್ಣ, ಗೋಡೆ ನೋಡುತ್ತಾ.

"ಯಾಕ್ರೀ? ಹೋದ ತಿಂಗಳು ಬ್ಯಾಂಕಿನವರ ಹತ್ರ ಇದೇ ಸೂಟಿಗೆ ಎಷ್ಟು ತಗೊಂಡ್ರಿ? 'ಈ ಪೇಟೇಲಿ ನನ್ನಂಥ ಕೈ ಇಲ್ಲ' ಅಂತ ದರ ಏರಿಸಿದ್ದು ಯಾರು?"

ಕೂಡಿದಾಗ ಖರ್ಚು ಮಿತಿಯನ್ನು ಶೇಕಡಾ ಇಪ್ಪತ್ತೊಂದರಷ್ಟು ಮೀರಿತ್ತು. ಕೈ ಚೂರು ಸಾಧಾರಣದ್ದಾಗಿದ್ದರೆ ಎರಡೇ ಅಂಕಕ್ಕೆ ಮುಗಿಯುತ್ತಿತ್ತು.

"ಸಲೂನಿನವನು ಯಾರಿಗೂ ಹೇಳಲ್ಲ ಅಂದಿದ್ದಾನೆ" ಎಂದ ಮೆಲ್ಲಗೆ.

"ಸರಿ ಬಿಡಿ. ಕಪ್ ತಂದು ಆ ಅರೇಲಿ ಇಡಿ. ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಗುಂಡಿ ಹಾಕೋದು ನಾನಲ್ವಾ? ನನಗೇನೂ ಅನ್ನಿಸಲ್ಲ. ನಿಮಗೆ?"

ಟೇಪಣ್ಣ ಆರ್ಡರ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ.

ಸೋಮವಾರ ಸಂಜೆ ಲೀಗಿನ ಸಭೆ. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಟೇಪಣ್ಣ ಎದ್ದುನಿಂತು ತನ್ನ ಮೇಲೆ ತಾನೇ ದೂರು ಓದಿದ. ಓದಿ ಮುಗಿಸಿದ್ದೇ ತಡ, ಗಿರಣಿ ಕ್ಲಬ್ಬಿನ ಹುಡುಗರು ಮುಗಿಬಿದ್ದರು. ಎಲ್ಲರಿಗಿಂತ ಮೊದಲು ಎಗರಿದ್ದು ಕಂಡಕ್ಟರ್.

"ಗೋಲು ಹೊಡೆದದ್ದು ನನ್ನ ಕಾಲು ಸ್ವಾಮಿ, ಸೂಟಲ್ಲ! ಹನ್ನೊಂದು ಜನ ಬೆವರು ಸುರಿಸಿದ ಅಂಕ. ಒಬ್ಬ ದರ್ಜಿ ಮರೆತ ಅಂತ ಕಿತ್ಕೊಳ್ಳೋದಾ? ದಂಡ ಹಾಕಿ, ನಾವೇ ಹಂಚ್ಕೊಂಡು ಕಟ್ತೀವಿ."

ಮಾತಿನಲ್ಲಿ ನ್ಯಾಯವಿತ್ತು. ಟೇಪಣ್ಣನಿಗೂ ಹಾಗೇ ಅನ್ನಿಸಿತು. ಆದರೂ ಕೇಳಿದ: "ಒಂದು ಹೇಳಪ್ಪಾ. ಆ ಸೂಟಿಲ್ದಿದ್ರೆ ಈ ವರ್ಷ ಎಲ್ಲಿ ಆಡ್ತಿದ್ದೆ?"

ಕಂಡಕ್ಟರ್ ತಲೆ ಕೆರೆದುಕೊಂಡ. "ಸೇತುವೆ ಕ್ಲಬ್ಬಲ್ಲಿ. ನೀವು ಮದುವೆಗೆ ಸೂಟು ಹೊಲಿದು ಕೊಡ್ತೀನಿ ಅಂದ್ರಿ, ಅವರು ಬರೀ ಒಂದು ಶರ್ಟು ಅಂದ್ರು."

"ನೋಡು, ಆ ಹದಿನಾಲ್ಕು ಗೋಲೂ ಅವರ ಲೆಕ್ಕಕ್ಕೆ ಬೀಳ್ತಿತ್ತು. ದಂಡ ಕಟ್ಟಿದ್ರೆ ದುಡ್ಡು ಹೋಗುತ್ತೆ, ಗೋಲು ಇಲ್ಲೇ ಉಳಿಯುತ್ತೆ. ಇಟ್ಟಿಗೆಯವರು ಹಾಗೆ ಮಾಡಿದಾಗ ನಾನು ಬಾಯಿ ಬಡ್ಕೊಂಡಿದ್ದೆ."

ಮೇಷ್ಟ್ರ ಮನಸ್ಸು ಕರಗಿತು. "ತಿಳಿಯದೆ ಆದ ತಪ್ಪು. ನಾಲ್ಕರ ಬದಲು ಎರಡೇ ಅಂಕ ಕಡಿಯೋಣವೇ?"

"ಬೇಡ ಮೇಷ್ಟ್ರೇ. ಮೂವತ್ತೆಂಟು ಸೊಂಟದವನಿಗೆ ವಿಶ್ವಾಸಕ್ಕೆ ಅಂತ ಮೂವತ್ತಾರು ಹೊಲಿದು ಕೊಟ್ರೆ, ಕೂತಾಗ ಹರಿಯುತ್ತೆ."

ನಾಲ್ಕು ಅಂಕ ಹೋದವು. ಗಿರಣಿ ಕ್ಲಬ್ ಇಪ್ಪತ್ತೇಳು, ಸೇತುವೆ ಕ್ಲಬ್ ಇಪ್ಪತ್ತೆಂಟು. ಈಗ ಕಪ್ ಬೇಕಾದರೆ ಗೆಲ್ಲಲೇಬೇಕು. ಡ್ರಾ ಆದರೂ ಸಾಲದು. ಆ ವಾರ ಗಿರಣಿ ಕ್ಲಬ್ಬಿನವರು ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿಕೊಂಡರು. ಟೇಪಣ್ಣ ಒಂದು ಪ್ಯಾಂಟಿಗೆ ಎರಡೂ ಎಡಗಾಲೇ ಕತ್ತರಿಸಿದ.

ಆದರೆ ಭಾನುವಾರ ಮೈದಾನಕ್ಕೆ ಹೋದವನು ಕಣ್ಣುಜ್ಜಿಕೊಂಡ. ಮಾಮೂಲಿಗೆ ನಲವತ್ತು ಜನ ಬರುವ ಕಡೆ ಕಾಲಿಡಲು ಜಾಗವಿಲ್ಲ. ಗೋಡೆಯ ಮೇಲೆ ಜನ, ನಿಂತ ಲಾರಿಯ ಮೇಲೆ ಜನ. ಸೋತರೂ ಗೆದ್ದರೂ ಒಂದೇ ಆಗಬೇಕಿದ್ದ ಪಂದ್ಯಕ್ಕೆ ಅವನ ನಾಲ್ಕು ಅಂಕಗಳು ಜೀವ ತುಂಬಿಬಿಟ್ಟಿದ್ದವು. ಟಿಕೆಟಿನ ಪುಸ್ತಕ ಮುಗಿದುಹೋಗಿ, ಅಂಗಡಿಯ ರಸೀದಿ ಪುಸ್ತಕವನ್ನೇ ಹರಿದು ಮಾರಿದರು. ಕೆಲವರು 'ಒಂದು ಪ್ಯಾಂಟು, ಗುರುವಾರ ತಯಾರು' ಎಂದು ಬರೆದ ಚೀಟಿ ತೋರಿಸಿ ಒಳಗೆ ಹೋದರು.

ಕಂಡಕ್ಟರ್‌ಗೆ ಅಂದು ಏನಾಗಿತ್ತೋ, ಮೂರು ಸಲ ಖಾಲಿ ಗೋಲಿನ ಮುಂದೆ ನಿಂತು ಮೂರು ಸಲವೂ ಆಕಾಶಕ್ಕೆ ಒದ್ದ. ಆಟ ಮುಗಿಯಲು ಎರಡು ನಿಮಿಷವಿದ್ದಾಗ ಒಂದು-ಒಂದು. ಆಗ ಅವನೊದ್ದ ನಾಲ್ಕನೇ ಚೆಂಡು ಎತ್ತಲೋ ಹೊರಟಿತ್ತು. ದಾರಿಯಲ್ಲಿ ತಂಡದ ನಾಯಕ ಪ್ಲಂಬರ್, ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದ್ದ. ಚೆಂಡು ಅವನ ಹಿಂಭಾಗಕ್ಕೆ ಫಟ್ಟನೆ ಬಡಿದು, ದಿಕ್ಕು ಬದಲಿಸಿ, ಗೋಲ್‌ಕೀಪರನ ಕೈತಪ್ಪಿಸಿ ಬಲೆಯೊಳಗೆ ಹೋಗಿ ಕೂತಿತು. ಪ್ಲಂಬರ್ ಎದ್ದುನಿಂತು, "ಯಾವನೋ ಅವ್ನು ಹೊಡೆದದ್ದು?" ಎಂದು ಜಗಳಕ್ಕೆ ತಿರುಗುವಷ್ಟರಲ್ಲಿ ಹತ್ತು ಜನ ಅವನ ಮೇಲೆ ಬಿದ್ದಿದ್ದರು.

ಟೇಪಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿದವರಲ್ಲಿ ಸಲೂನಿನ ಯಜಮಾನನೂ ಒಬ್ಬ. "ನನಗೆ ಒಳಗೊಳಗೆ ಅಳು ಬರ್ತಿದೆ ಟೇಪಣ್ಣ" ಎಂದು ಕೂಗುತ್ತಲೇ ಕುಣಿಯುತ್ತಿದ್ದ. "ಇಂಥ ಮ್ಯಾಚು ಮಾತ್ರ ಜನ್ಮದಲ್ಲಿ ನೋಡಿಲ್ಲ!"

ಮುಂದಿನ ವರ್ಷಕ್ಕೆ ನಿಯಮದಂತೆ ಜರ್ಸಿಗಳಿಗೆ ಪೂರ್ತಿ ಬೆಲೆ ಕಟ್ಟಿ ಬಿಲ್ಲು ಬರೆಯಬೇಕಾಯಿತು. ದರ್ಜಿ ಟೇಪಣ್ಣ ಬರೆದ ಬಿಲ್ಲನ್ನು ಖಜಾಂಚಿ ಟೇಪಣ್ಣ ಓದಿದ. ಹುಬ್ಬೇರಿತು.

"ಇದು ವಿಪರೀತ ಆಯ್ತು" ಎಂದ ಖಜಾಂಚಿ.

"ಈ ಪೇಟೇಲಿ ನನ್ನಂಥ ಕೈ ಇಲ್ಲ" ಎಂದ ದರ್ಜಿ.

"ಕೈ ಇರಬಹುದು, ಕ್ಲಬ್ಬಿನ ಹತ್ರ ಅಷ್ಟು ಎಲ್ಲಿದೆ?"

"ಹಾಗಾದ್ರೆ ಬೇರೆ ದರ್ಜಿ ನೋಡ್ಕೊಳ್ಳಿ."

ಒಳಗಿನಿಂದ ಹೆಂಡತಿ ಬಂದು ಇಬ್ಬರ ಕೈಯಿಂದಲೂ ಬಿಲ್ಲು ಕಿತ್ತುಕೊಂಡಳು. ಕೊನೆಯ ಸಾಲಿನ ಕೆಳಗೆ, ಕಾಜಾ ಒಂದಕ್ಕೆ ಇಷ್ಟು, ಗುಂಡಿ ಒಂದಕ್ಕೆ ಇಷ್ಟು ಎಂದು ತನ್ನದನ್ನೂ ಸೇರಿಸಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿ ವಾಪಸ್ ಕೊಟ್ಟಳು. ದರ್ಜಿಯೂ ಖಜಾಂಚಿಯೂ ಒಂದೇ ಪೆನ್ನಿನಿಂದ ಅದರ ಪಕ್ಕದಲ್ಲಿ ಸಹಿ ಹಾಕಿದರು. ಬಿಲ್ಲು ಅಲ್ಲಿಗೆ ಪಾಸಾಯಿತು.